ಹೆಲ್ಮೆಟ್ ಕ್ಯಾಮೆರಾಗೆ ಕ್ವಿಕ್ ರಿಲೀಸ್ ಮೌಂಟ್: ಆರಿಸುವುದು ಹೇಗೆ, ಪರೀಕ್ಷಿಸುವುದು ಹೇಗೆ

ಬೇಲಿ ಮುಳ್ಳಿಗೆ ಸೆರಗು ಸಿಕ್ಕರೆ ನಿಂತು ಬಿಡಿಸಿಕೊಳ್ಳಬಹುದು. ಗಂಟೆಗೆ 190 ಕಿ.ಮೀ. ವೇಗದಲ್ಲಿ ಬೀಳುತ್ತಿರುವಾಗ ಪ್ಯಾರಾಶೂಟಿನ ಲೈನ್, ಅಂದರೆ ಅದರ ತೆಳು ಹಗ್ಗ, ಹೆಲ್ಮೆಟ್ ಮೇಲಿನ ಕ್ಯಾಮೆರಾಗೆ ತೊಡರಿಕೊಂಡರೆ ನಿಲ್ಲಲು ನೆಲವೂ ಇಲ್ಲ, ಬಿಡಿಸಿಕೊಳ್ಳಲು ಪುರುಸೊತ್ತೂ ಇಲ್ಲ. ಸ್ಕೈಡೈವಿಂಗ್ ಹೆಲ್ಮೆಟ್‌ಗೆ ಕಳಚಿಕೊಳ್ಳುವ ಮೌಂಟ್ (ಕ್ಯಾಮೆರಾವನ್ನು ಹಿಡಿದಿಡುವ ಜೋಡಣೆ) ಬೇಕೆನ್ನುವುದು ಇದಕ್ಕೇ. ಆದರೆ ಅಂಗಡಿಯಲ್ಲಿ ‘ಕ್ವಿಕ್ ರಿಲೀಸ್’ ಹೆಸರಿನಲ್ಲಿ ಸಿಗುವ ಹೆಚ್ಚಿನ ಮೌಂಟ್‌ಗಳು ನೆಲದ ಮೇಲೆ ನಿಂತು ಬ್ಯಾಟರಿ ಬದಲಿಸುವವರ ಅನುಕೂಲಕ್ಕೆ ಮಾಡಿದವು. ದುಡ್ಡು ಕೊಡುವ ಮುನ್ನ ಈ ವ್ಯತ್ಯಾಸ ತಿಳಿದಿರಬೇಕು.

ಇನ್ನೊಂದು ಮಾತು ಮೊದಲೇ. ಅಮೆರಿಕದ ಪ್ಯಾರಾಶೂಟ್ ಸಂಘ ಯುಎಸ್‌ಪಿಎ ಕ್ಯಾಮೆರಾ ಹೊರುವವರಿಗೆ ಸಿ ಲೈಸೆನ್ಸ್, ಅಂದರೆ 200 ಜಿಗಿತ, ಜೊತೆಗೆ ಅದೇ ಪ್ಯಾರಾಶೂಟ್ ಸರಂಜಾಮಿನಲ್ಲಿ ಇತ್ತೀಚಿನ 50 ಜಿಗಿತ ಆಗಿರಬೇಕೆಂದು ಸಲಹೆ ಮಾಡುತ್ತದೆ. ವರ್ಷಕ್ಕೊಮ್ಮೆ ರಜೆ ಹಾಕಿ ದುಬೈಗೋ ಥಾಯ್ಲೆಂಡ್‌ಗೋ ಹೋಗಿ ಜಿಗಿದು ಬರುವ ಬೆಂಗಳೂರಿನವರಿಗೆ 200ಕ್ಕಿಂತ ಕಷ್ಟದ ಸಂಖ್ಯೆ ಈ 50. ಕ್ಯಾಮೆರಾ ಅಂಗೈಯಗಲ ಇದೆಯೆಂದು ನಿಯಮ ಸಡಿಲವಾಗುವುದಿಲ್ಲ. ಲೈನಿಗೆ ದೊಡ್ಡ ಕ್ಯಾಮೆರಾ, ಚಿಕ್ಕ ಕ್ಯಾಮೆರಾ ಎಂಬ ಭೇದವಿಲ್ಲ. ಗಮನ ಕದಿಯುವುದರಲ್ಲೂ ಅಷ್ಟೇ: 1988ರ ಏಪ್ರಿಲ್‌ನಲ್ಲಿ ನಾರ್ತ್ ಕೆರೊಲೈನಾದಲ್ಲಿ ನೂರಾರು ಜಿಗಿತಗಳ ಅನುಭವವಿದ್ದ ಚಿತ್ರಗ್ರಾಹಕರೊಬ್ಬರು ಕ್ಯಾಮೆರಾ ಸಜ್ಜು ಮಾಡಿಕೊಂಡು, ಬೆನ್ನಿಗೆ ಪ್ಯಾರಾಶೂಟ್ ಹಾಕಿಕೊಳ್ಳದೆಯೇ ವಿಮಾನದಿಂದ ಹೊರಗೆ ಹಾರಿದ್ದರು.

ಒಂದೇ ಹೆಸರು, ಮೂರು ಕೆಲಸ

ಮೊದಲನೆಯದು ಬಕಲ್. ಗೋಪ್ರೊ ಕ್ಯಾಮೆರಾ ಜೊತೆ ಬರುವ ಪ್ಲಾಸ್ಟಿಕ್ ಕ್ಲಿಪ್ಪಿನ ಎರಡು ಕಿವಿ ಒತ್ತಿ ಜಾರಿಸಿದರೆ ಕ್ಯಾಮೆರಾ ಹೊರಬರುತ್ತದೆ. ಡಿಜೆಐ ಆಸ್ಮೊ ಆ್ಯಕ್ಷನ್ ಸಾಲಿನ ಆಯಸ್ಕಾಂತದ ಮೌಂಟ್, 2024ರಲ್ಲಿ ಬಂದ ಗೋಪ್ರೊ ಹೀರೊ 13ರ ಮ್ಯಾಗ್ನೆಟಿಕ್ ಲ್ಯಾಚ್ ಕೂಡ ಇದೇ ಜಾತಿಯವು. ಆಯಸ್ಕಾಂತ ಇರುವುದು ಕ್ಯಾಮೆರಾವನ್ನು ಸರಿಯಾದ ಜಾಗಕ್ಕೆ ಕೂರಿಸಲು, ಬಿಗಿಯಾಗಿ ಹಿಡಿಯುವುದು ಎರಡು ಪಕ್ಕದ ಕೊಂಡಿಗಳು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬಿಡುತ್ತವೆ. ಲೈನ್ ಎಳೆಯುತ್ತಿರುವಾಗ ಕೊಂಡಿಯ ಮೇಲೇ ಭಾರ ಕೂತಿರುತ್ತದೆ, ಕೈಯಲ್ಲಿ ಗ್ಲೌಸ್ ಇರುತ್ತದೆ, ಕ್ಯಾಮೆರಾ ಕಣ್ಣಿಗೆ ಕಾಣುವುದೂ ಇಲ್ಲ. ಆಗ ಅದು ಬಿಡುತ್ತದೆಂದು ನಂಬಿ ಕೂರಬೇಡಿ.

ಎರಡನೆಯದು ಬ್ರೇಕ್‌ಅವೇ. ಒಂದು ಮಿತಿ ದಾಟಿ ಎಳೆದರೆ ತಾನಾಗಿ ಕಿತ್ತುಬರುವ ಮೌಂಟ್ ಇದು. ಬರೀ ಆಯಸ್ಕಾಂತ, ಮುರಿಯಲೆಂದೇ ಇಟ್ಟ ತೆಳು ಪಿನ್ನು, ಅಥವಾ ಸ್ಪ್ರಿಂಗ್ ಕೊಂಡಿ ಇರುತ್ತದೆ. ಕೈ ಹಾಕಬೇಕಿಲ್ಲ ಎನ್ನುವುದೇ ಇದರ ದೊಡ್ಡ ಗುಣ.

ಮೂರನೆಯದು ಕಟ್‌ಅವೇ. ಚಿಕ್ಕ ಹಿಡಿಯೊಂದನ್ನು ಎಳೆದರೆ ಕೇಬಲ್ ಅಥವಾ ಪಿನ್ ಹೊರಬಂದು ಕ್ಯಾಮೆರಾ ಬುಡಸಮೇತ ಬಿಡುಗಡೆಯಾಗುತ್ತದೆ. ಮುಖ್ಯ ಕೆನೊಪಿಯನ್ನು (ಪ್ಯಾರಾಶೂಟಿನ ಬಟ್ಟೆಯ ಛತ್ರಿಯನ್ನು) ಕಳಚುವ ತ್ರೀ-ರಿಂಗ್ ವ್ಯವಸ್ಥೆಯಲ್ಲೂ ಇದೇ ತತ್ವವಿದೆ: ಬಟ್ಟೆಯ ಕುಣಿಕೆ, ಅದರೊಳಗೆ ನುಣುಪಾದ ಹಳದಿ ಕೇಬಲ್. ಸ್ಕೈಡೈವಿಂಗ್ ಹೆಲ್ಮೆಟ್‌ಗೆ ಮೊದಲು ನೋಡಬೇಕಾದದ್ದು ಈ ಮೂರನೆಯದನ್ನು. ಎರಡನೆಯದು ಕೆಲವು ಸಂದರ್ಭಕ್ಕೆ ಸರಿಯೇ, ಆದರೆ ಅದಕ್ಕೆ ಲೆಕ್ಕ ಹಾಕಬೇಕು.

ಎಷ್ಟು ಎಳೆತ ತಡೆಯಬೇಕು, ಎಷ್ಟಕ್ಕೆ ಬಿಡಬೇಕು

ಗೋಪ್ರೊ ಹೀರೊ 12 ಬ್ಲ್ಯಾಕ್ ಉದಾಹರಣೆ ತೆಗೆದುಕೊಳ್ಳೋಣ. ತೂಕ 154 ಗ್ರಾಂ, ಮುಖದ ಅಳತೆ ಸುಮಾರು 72 x 51 ಮಿ.ಮೀ. ಹೊಟ್ಟೆ ಕೆಳಗಾಗಿ ಬೀಳುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 700 ಗ್ರಾಂ ತೂಕಕ್ಕೆ ಸಮ. ತಲೆ ಕೆಳಗಾಗಿ 270 ಕಿ.ಮೀ. ವೇಗದಲ್ಲಿ ಹೋಗುವ ಫ್ರೀಫ್ಲೈ ಜಿಗಿತದಲ್ಲಿ ಅದು ಎರಡರಷ್ಟು, ಅಂದರೆ ಒಂದೂವರೆ ಕಿಲೊ ಹತ್ತಿರ. ಕೆನೊಪಿ ತೆರೆಯುವ ಹೊಡೆತದ್ದು ಬೇರೆ ಲೆಕ್ಕ: ಮೌಂಟ್ ಸೇರಿ 200 ಗ್ರಾಂ ಎಂದಿಟ್ಟುಕೊಂಡರೆ ಸಾಮಾನ್ಯ ತೆರೆಯುವಿಕೆಯ 4 ಜಿಯಲ್ಲಿ (ಅಂದರೆ ತೂಕದ ನಾಲ್ಕು ಪಟ್ಟು ಬಲದಲ್ಲಿ) 800 ಗ್ರಾಂ, ಕೆಟ್ಟ ಹೊಡೆತದ 10 ಜಿಯಲ್ಲಿ 2 ಕಿಲೊ. ಒಟ್ಟಿನಲ್ಲಿ 3 ಕಿಲೊ ಎಳೆತಕ್ಕೆ ಕಿತ್ತುಬರುವ ಮೌಂಟ್ ಯಾವುದೋ ಒಂದು ದಿನ ಕ್ಯಾಮೆರಾ ಕಳೆದೇ ಕಳೆಯುತ್ತದೆ.

ಇತ್ತ ಗಾಳಿ ತುಂಬಿದ ಪೈಲಟ್ ಚೂಟ್ (ಮುಖ್ಯ ಪ್ಯಾರಾಶೂಟನ್ನು ಹೊರಗೆಳೆಯುವ ಪುಟ್ಟ ಛತ್ರಿ) ಪೂರ್ಣ ವೇಗದಲ್ಲಿ ಎಳೆಯುವ ಬಲ ಹತ್ತಾರು ಕಿಲೊ. ಅದರ ಪಟ್ಟಿ ಕ್ಯಾಮೆರಾಗೆ ಸುತ್ತಿಕೊಂಡರೆ ಎಳೆತವೆಲ್ಲ ಬೀಳುವುದು ಕುತ್ತಿಗೆಗೆ. ಹಾಗಾಗಿ ಬ್ರೇಕ್‌ಅವೇ ಮೌಂಟ್ 6ರಿಂದ 10 ಕಿಲೊ ನಡುವೆ, ಯಾವ ದಿಕ್ಕಿನಿಂದ ಎಳೆದರೂ ಬಿಡುವಂತಿದ್ದರೆ ಒಳ್ಳೆಯದು. ‘ಯಾವ ದಿಕ್ಕಿನಿಂದ ಎಳೆದರೂ’ ಎನ್ನುವಲ್ಲೇ ಹೆಚ್ಚಿನವು ಸೋಲುತ್ತವೆ. ಆಯಸ್ಕಾಂತವನ್ನು ನೇರ ಮೇಲಕ್ಕೆ ಎಳೆದರೆ ಒಂದು ಬಲ ಬೇಕು, ಪಕ್ಕಕ್ಕೆ ಜಾರಿಸಿದರೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. ಪೆಟ್ಟಿಗೆಯ ಮೇಲೆ ಬರೆದಿರುವ ಸಂಖ್ಯೆ ಸಾಮಾನ್ಯವಾಗಿ ನೇರ ಎಳೆತದ್ದು. ಅಂಚು ಕಟ್ಟಿ ಜಾರದಂತೆ ಮಾಡಿದ್ದರೆ ಇದರ ವಿರುದ್ಧದ ತೊಂದರೆ: ಮೇಲಕ್ಕೆ ಬಿಡುತ್ತದೆ, ಪಕ್ಕಕ್ಕೆ ಬಿಡುವುದೇ ಇಲ್ಲ.

ಕಳಚಿದ ಕ್ಯಾಮೆರಾ ಎಲ್ಲಿ ಬೀಳುತ್ತದೆ? ಅದರ ಅಂತಿಮ ವೇಗ ಗಂಟೆಗೆ ಸುಮಾರು 90 ಕಿ.ಮೀ. ಜನಜಂಗುಳಿಯ ಮೇಲೆ ಪ್ರದರ್ಶನ ಜಿಗಿತ ಮಾಡುವಾಗ ತಾನಾಗಿ ಕಿತ್ತುಬರುವ ಮೌಂಟ್ ಬೇಡವೇ ಬೇಡ, ಕೈಯಿಂದ ಎಳೆಯುವುದೇ ಸರಿ. ‘ಬಿದ್ದರೆ ಹೋಯಿತಲ್ಲ’ ಎಂದು ಕ್ಯಾಮೆರಾಗೆ ದಾರ ಕಟ್ಟಿ ಹೆಲ್ಮೆಟ್‌ಗೆ ಸಿಕ್ಕಿಸುವವರಿದ್ದಾರೆ. ಆ ದಾರ ಇರುವವರೆಗೆ ಕ್ವಿಕ್ ರಿಲೀಸ್ ಇದ್ದೂ ಇಲ್ಲದಂತೆ.

ಕ್ಯಾಮೆರಾ ಹೋಗಲೋ, ಹೆಲ್ಮೆಟ್ಟೇ ಹೋಗಲೋ

ತಲೆಗೆ ಬಂದದ್ದು ಪೇಟಕ್ಕೆ ಹೋಗಲಿ ಎನ್ನುವ ಹಳೆಯ ಮಾತು ಇಲ್ಲಿ ಅಕ್ಷರಶಃ ಒಂದು ವಿನ್ಯಾಸ. ಕುಕಿ ಫ್ಯೂಯೆಲ್, ಟೋನ್‌ಫ್ಲೈನಂಥ ತೆರೆದ ಮುಖದ ಕ್ಯಾಮೆರಾ ಹೆಲ್ಮೆಟ್‌ಗಳಿಗೆ ಗಲ್ಲದ ಪಟ್ಟಿಯಲ್ಲೇ ಕಟ್‌ಅವೇ ಸಿಗುತ್ತದೆ. ಹಿಡಿ ಎಳೆದರೆ ಹೆಲ್ಮೆಟ್ ಇಡಿಯಾಗಿ ಹೋಗುತ್ತದೆ. ಕ್ಯಾಮೆರಾ ಎರಡಿದ್ದರೆ, ದೊಡ್ಡ ಸ್ಟಿಲ್ ಕ್ಯಾಮೆರಾ ಇದ್ದರೆ ಇದೇ ಯೋಗ್ಯ. ಏಕೆಂದರೆ ಲೈನ್ ಯಾವುದಕ್ಕೆ ಸಿಕ್ಕಿದೆ ಎಂದು ತಡಕಾಡಲು ಸಮಯವಿರದು. ಬೆಲೆಯಾಗಿ ತಲೆಯ ರಕ್ಷಣೆ ಹೋಗುತ್ತದೆ, ಕಿವಿಯ ಬಳಿ ಎತ್ತರ ಎಚ್ಚರಿಸುವ ಆಡಿಬಲ್ ಸಾಧನವೂ ಹೋಗುತ್ತದೆ.

ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್‌ನಲ್ಲಿ ಈ ಉಪಾಯ ನಡೆಯುವುದು ಕಷ್ಟ. ಕೆನ್ನೆಯ ಮೆತ್ತೆ ಬಿಗಿಯಾಗಿ ಹಿಡಿದಿರುತ್ತದೆ, ಪಟ್ಟಿ ಬಿಟ್ಟರೂ ಹೆಲ್ಮೆಟ್ ತಲೆಯಲ್ಲೇ ಉಳಿಯುತ್ತದೆ. ಅಂಥದ್ದು ನಿಮ್ಮದಾದರೆ ಮೌಂಟ್‌ಗೇ ಕಟ್‌ಅವೇ ಇರಬೇಕು.

ಹಂತ 1: ಜಾಗ ನಿಗದಿ ಮಾಡಿ

ನೆತ್ತಿಯ ಮೇಲೆ ಕೂರಿಸಿದರೆ ಚಿತ್ರ ಸ್ಥಿರ, ಆದರೆ ಲೈನ್‌ಗಳ ದಾರಿಗೆ ಅದೇ ಎಲ್ಲಕ್ಕಿಂತ ಹತ್ತಿರ. ಪಕ್ಕಕ್ಕೆ ಹಾಕಿದರೆ ರೈಸರ್ (ಲೈನ್‌ಗಳನ್ನು ಹೆಗಲಿಗೆ ಜೋಡಿಸುವ ಪಟ್ಟಿ) ತಾಗುವ ಭಯ, ತೂಕವೂ ಒಂದು ಕಡೆಗೆ. ಗಲ್ಲದ ಮೇಲಿನದು ರೆಕ್ಕೆಯಂಥ ಉಡುಪಿನ ವಿಂಗ್‌ಸೂಟ್ ಹಾರುವವರಿಗೆ ಇಷ್ಟ, ಲೈನ್‌ಗಳಿಂದಲೂ ದೂರ. ಆದರೆ ಎದೆಯ ಮೇಲಿನ ಹಿಡಿಗಳನ್ನು ಬಗ್ಗಿ ನೋಡುವಾಗ ಅಡ್ಡ ಬರುತ್ತದೆ. ಬೆಲ್ಟ್ ಬಿಗಿದು, ಹೆಲ್ಮೆಟ್ ಹಾಕಿ, ಮುಖ್ಯ ಕೆನೊಪಿ ಕಳಚುವ ಕೆಂಪು ಕಟ್‌ಅವೇ ಹಿಡಿ ಮತ್ತು ಆಪತ್ತಿನ ಎರಡನೇ ಪ್ಯಾರಾಶೂಟ್ ತೆರೆಯುವ ರಿಸರ್ವ್ ಹಿಡಿ ಎರಡೂ ಕಾಣುತ್ತವೆಯೇ ನೋಡಿ. ಕಾಣದಿದ್ದರೆ ಜಾಗ ಬದಲಿಸಿ, ಬೇರೆ ಚರ್ಚೆ ಬೇಡ. 12 ಸೆಂ.ಮೀ. ಉದ್ದದ 360 ಡಿಗ್ರಿ ಕ್ಯಾಮೆರಾಗಳನ್ನು ನೆತ್ತಿಯ ಮೇಲೆ ಕೋಲಿನಂತೆ ನಿಲ್ಲಿಸುವುದು ತೊಡರಿಗೆ ಆಹ್ವಾನಪತ್ರಿಕೆ ಕೊಟ್ಟಂತೆ.

ಹಂತ 2: ತೊಡರದಂತೆ ತಗ್ಗಿಸಿ

ಮೌಂಟ್ ಕಳಚುವುದು ಎರಡನೇ ಮಾತು. ಸಿಕ್ಕದೇ ಇರುವುದು ಮೊದಲನೆಯದು. ಗೋಪ್ರೊದ ಅಡಿಯ ಬೆರಳಿನಂಥ ಮಾಮೂಲಿ ಕೊಂಡಿಗಳು, ಉದ್ದ ತೋಳು, ಹೊರಚಾಚಿದ ತಿರುಪು ಮೂರೂ ಕೊಕ್ಕೆಗಳೇ. ತಿರುಪಿನ ಜಾಗಕ್ಕೆ ತಲೆ ಹುದುಗುವ ಎಂ5 (5 ಮಿ.ಮೀ.) ಬೋಲ್ಟ್ ಹಾಕಿ. ಹೆಲ್ಮೆಟ್‌ನ ಬಾಗಿಗೆ ಹೊಂದುವ, ಅಂಚು ಇಳಿಜಾರಾಗಿರುವ ತಟ್ಟೆಯ ಮೌಂಟ್ ಆರಿಸಿ. ಇಳಿಜಾರು ಮುಂದೆ ಮಾತ್ರ ಇದ್ದರೆ ಸಾಲದು, ಲೈನ್ ಹಿಂದಿನಿಂದಲೇ ಹೆಚ್ಚಾಗಿ ಬರುತ್ತದೆ. ಈಗಿನ ಲೈನ್‌ಗಳ ದಪ್ಪ ಒಂದರಿಂದ ಎರಡು ಮಿ.ಮೀ. ಆಸುಪಾಸು. ಕಾಗದ ತೂರುವ ಸಂದು ಇದ್ದರೂ ಅನುಮಾನಿಸಿ. ಕ್ಯಾಮೆರಾ ಅಡಿಯ ಸಂದಿಗೆ ಗಟ್ಟಿ ಫೋಮ್ ಅಥವಾ ಸಿಲಿಕೋನ್ ತುಂಬಿ. ಆದರೆ ಕಳಚುವ ಭಾಗಕ್ಕೂ ಬುಡಕ್ಕೂ ನಡುವೆ ಅಂಟು ಹೋಗಬಾರದು. ಟೇಪ್ ಸುತ್ತಿ ಸಂದು ಮುಚ್ಚಿ, ಅದೇ ಟೇಪ್ ಮೌಂಟನ್ನು ಬಿಡದಂತೆ ಕಟ್ಟಿಹಾಕುವುದು ತೀರ ಸಾಮಾನ್ಯ ತಪ್ಪು.

ಹಂತ 3: ಹಿಡಿಯನ್ನು ನೋಡಿ

ಹಿಡಿ ಎರಡೂ ಕೈಗೆ ಎಟುಕಬೇಕು, ಒಂದೇ ಕೈಯಿಂದ, ನೋಡದೆ ಎಳೆಯಲಾಗಬೇಕು. ದೊಡ್ಡ ಕುಣಿಕೆ ಸುಲಭವೇನೋ ಹೌದು, ಅದೇ ಲೈನಿಗೆ ಕೊಕ್ಕೆಯೂ ಹೌದು. ಗ್ಲೌಸ್ ಹಾಕಿದ ಎರಡು ಬೆರಳಿಗೆ ಸಿಗುವ ಚಿಕ್ಕ ಗುಂಡು ಅಥವಾ ಬಟ್ಟೆಯ ತುಂಡು ಮೇಲು. ಮುಖ್ಯ ಕಟ್‌ಅವೇ ಹಿಡಿಯ ಕೆಂಪು ಬಣ್ಣ ಇದಕ್ಕೆ ಬೇಡ. ಕೇಬಲ್ ಕುಣಿಕೆ ದಾಟಿ 2ರಿಂದ 3 ಸೆಂ.ಮೀ. ಚಾಚಿರಲಿ: ಕಡಿಮೆಯಾದರೆ ಅಲುಗಾಟಕ್ಕೇ ಜಾರುತ್ತದೆ, ಉದ್ದವಾದರೆ ಕೈ ಪೂರ್ತಿ ಚಾಚಿದರೂ ಬಿಡದು.

ಹಂತ 4: ಬುಡ ಕೂರಿಸಿ

ರಂಧ್ರ ಕೊರೆದು ಬೋಲ್ಟ್ ಹಾಕಿದರೆ ಗಟ್ಟಿ, ಆದರೆ ಹೆಲ್ಮೆಟ್‌ಗೆ ಸುರಕ್ಷತಾ ಪ್ರಮಾಣಪತ್ರವಿದ್ದರೆ ಅದು ಅಲ್ಲಿಗೆ ಮುಗಿಯಿತು. ಒಳಗೆ ಉಳಿಯುವ ಬೋಲ್ಟಿನ ತಲೆ ಬುರುಡೆಗೆ ಎದುರಾಗಿ ನಿಲ್ಲುತ್ತದೆ, ಚಪ್ಪಟೆ ತಲೆ ಮತ್ತು ಮೇಲೆ ಮೆತ್ತೆ ಕಡ್ಡಾಯ. 3ಎಂ ವಿಎಚ್‌ಬಿ ಅಂಟುಪಟ್ಟಿ ಹೆಚ್ಚಿನವರಿಗೆ ಸಾಕು, ಅವಸರ ಮಾಡದಿದ್ದರೆ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಸಮನಾಗಿ ನೀರು ಬೆರೆಸಿ ಮೇಲ್ಮೈ ಒರೆಸಿ, ಒಣಗಿದ ಮೇಲೆ ಒತ್ತಿ ಹಿಡಿಯಿರಿ. 20 ನಿಮಿಷಕ್ಕೆ ಅರ್ಧದಷ್ಟು ಬಲ ಬರುತ್ತದೆ, 24 ಗಂಟೆಗೆ ಶೇ 90ರಷ್ಟು, 72 ಗಂಟೆಗೆ ಪೂರ್ತಿ. ಬೆಳಿಗ್ಗೆ ಡ್ರಾಪ್ ಝೋನ್‌ನಲ್ಲಿ (ಜಿಗಿತದ ಮೈದಾನದಲ್ಲಿ) ಅಂಟಿಸಿ ಮಧ್ಯಾಹ್ನ ಜಿಗಿದವರ ಕ್ಯಾಮೆರಾಗಳು ಹೊಲಗದ್ದೆಗಳಲ್ಲಿ ಬಿದ್ದಿರುವುದು ಈ ಲೆಕ್ಕ ತಪ್ಪಿದ್ದಕ್ಕೆ. ಚಪ್ಪಟೆ ಪಟ್ಟಿಯನ್ನು ಬಾಗಿದ ಹೆಲ್ಮೆಟ್‌ಗೆ ಒತ್ತಿದರೆ ಅಂಚು ನಿಧಾನಕ್ಕೆ ಏಳುತ್ತದೆ. ಬಾಗಿದ ಬುಡವನ್ನೇ ಕೊಳ್ಳಿ.

ಹಂತ 5: ಭಾರ ಹಾಕಿ ಪರೀಕ್ಷಿಸಿ

ಅಂಗಡಿಯ ಕೌಂಟರ್ ಮೇಲೆ ಎಳೆದಾಗ ಬೆಣ್ಣೆಯಂತೆ ಬಿಡುವ ಮೌಂಟ್, ಭಾರ ಬಿದ್ದಾಗ ಕಚ್ಚಿ ಹಿಡಿಯಬಹುದು. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಬೇಕಾಗುವುದು ಲಗೇಜ್ ತೂಗುವ ಕೊಕ್ಕೆಮಾಪಕ, ಎರಡು ಮೀಟರ್ ತೆಳು ಗಟ್ಟಿ ದಾರ, 10 ಲೀಟರ್ ನೀರಿನ ಬಕೆಟ್, ದಪ್ಪ ದಿಂಬು.

ಮೊದಲು ದಾರದ ಪರೀಕ್ಷೆ. ಹೆಲ್ಮೆಟ್ಟನ್ನು ಯಾರಾದರೂ ಹಿಡಿದುಕೊಳ್ಳಲಿ. ದಾರವನ್ನು ಎರಡೂ ತುದಿ ಹಿಡಿದು, ಮೇಲ್ಮೈಗೆ ಒತ್ತಿ, ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ, ಎರಡೂ ಪಕ್ಕದಿಂದ, ಮೂಲೆಯಿಂದ ಮೂಲೆಗೆ ಎಳೆಯಿರಿ. ಎಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ, ಇಳಿಜಾರು ಕಟ್ಟಿ, ಮತ್ತೆ ಎಳೆಯಿರಿ.

ಆಮೇಲೆ ಬಿಡುಗಡೆಯ ಪರೀಕ್ಷೆ. ಕ್ಯಾಮೆರಾ ಬದಲು ಅದೇ ಅಳತೆಯ ಮರದ ತುಂಡು ಕೂರಿಸಿ, ದಾರ ಕಟ್ಟಿ ಬಕೆಟ್ ತೂಗಿಬಿಡಿ, ಕೆಳಗೆ ದಿಂಬು ಇಡಿ. 10 ಕಿಲೊ ಭಾರವಿರುವಾಗ ಹಿಡಿಗೆ ಮಾಪಕ ಸಿಕ್ಕಿಸಿ ಎಳೆಯಿರಿ. ರಿಸರ್ವ್ ಹಿಡಿಗೇ ಒಪ್ಪಿತ ಮಿತಿ 22 ಪೌಂಡ್, ಅಂದರೆ ಸುಮಾರು 10 ಕಿಲೊ. ಬೆರಳ ತುದಿಯಲ್ಲಿ ಎಳೆಯುವ ಈ ಹಿಡಿ 5 ಕಿಲೊ ಒಳಗೆ ಬಿಡಬೇಕು. ಹೆಲ್ಮೆಟ್ ತಿರುಗಿಸಿ ನಾಲ್ಕು ದಿಕ್ಕಿನಲ್ಲೂ ಮೂರು ಮೂರು ಬಾರಿ ಮಾಡಿ. ಹನ್ನೆರಡರಲ್ಲಿ ಒಂದು ಸಲ ಕಚ್ಚಿದರೂ ಆ ಮೌಂಟ್ ಸೈಕಲ್ಲಿಗೆ ಇರಲಿ.

ಹಂತ 6: ಎತ್ತರದ ಲೆಕ್ಕ

ಯುಎಸ್‌ಪಿಎ ನಿಯಮದಂತೆ ಸಿ ಲೈಸೆನ್ಸಿನವರು 2,500 ಅಡಿಗಿಂತ ಕೆಳಗೆ ಪ್ಯಾರಾಶೂಟ್ ತೆರೆಯುವಂತಿಲ್ಲ. ಕೆಟ್ಟ ಕೆನೊಪಿಯ ಬಗ್ಗೆ 1,800 ಅಡಿಗೆ ಇಳಿಯುವ ಮುನ್ನವೇ ತೀರ್ಮಾನಿಸಿ ಕೈ ಹಾಕಿರಬೇಕು. ವೇಗ ಕುಂದದಿದ್ದರೆ ಈ 700 ಅಡಿ ಕಳೆಯಲು ನಾಲ್ಕು ಸೆಕೆಂಡ್ ಸಾಕು. ಕ್ಯಾಮೆರಾ ಬಿಡಿಸುವುದು ಅದಕ್ಕೆ ಸೇರಿದ ಹೊಸ ಕೆಲಸ. ಆದ್ದರಿಂದ ಕ್ಯಾಮೆರಾ ಇದ್ದ ದಿನ 4,000 ಅಡಿ ಹತ್ತಿರ ತೆರೆಯಿರಿ.

ಲೈನ್ ತಲೆಗೆ ಸಿಕ್ಕಿರುವಾಗಲೇ ಮುಖ್ಯ ಕೆನೊಪಿಯನ್ನು ಕಳಚಿದರೆ ಅದರ ಎಳೆತ ಕುತ್ತಿಗೆಗೆ ವರ್ಗವಾಗುತ್ತದೆ. ಎತ್ತರವಿದ್ದರೆ ಕ್ರಮ ಹೀಗೆ: ಮೊದಲು ಕ್ಯಾಮೆರಾ ಅಥವಾ ಹೆಲ್ಮೆಟ್, ನಂತರ ಮುಖ್ಯ ಕೆನೊಪಿ, ಕೂಡಲೇ ರಿಸರ್ವ್. ನಿಮ್ಮ ಸರಂಜಾಮು ಮತ್ತು ಎತ್ತರಕ್ಕೆ ತಕ್ಕಂತೆ ಇದನ್ನು ಡ್ರಾಪ್ ಝೋನ್‌ನ ತರಬೇತುದಾರರ ಜೊತೆ ಕೂತು ಹೊಂದಿಸಿಕೊಳ್ಳಿ. ನೆಲದ ಮೇಲೆ, ತೂಗುವ ಹಾರ್ನೆಸ್‌ನಲ್ಲಿ, ಕಣ್ಣು ಮುಚ್ಚಿ ಮೂರು ಹಿಡಿಗಳನ್ನೂ ಕ್ರಮವಾಗಿ ಮುಟ್ಟುವುದನ್ನು ಹತ್ತಿಪ್ಪತ್ತು ಸಲ ಮಾಡಿ.

ನಿರ್ವಹಣೆ ದೊಡ್ಡದೇನಲ್ಲ. ತಿಂಗಳಿಗೊಮ್ಮೆ ಕೇಬಲ್ ಹೊರಗೆಳೆದು ಒಣಬಟ್ಟೆಯಲ್ಲಿ ಒರೆಸಿ. ಮರಳಿನ ಮೇಲೆ ಇಳಿದಿದ್ದರೆ ಅವತ್ತೇ. ಬಟ್ಟೆಯ ಕುಣಿಕೆಯಲ್ಲಿ ನೂಲು ಎದ್ದಿದ್ದರೆ ಬದಲಿಸಿ. ವಿಮಾನ ಏರುವ ಮುನ್ನ ಕ್ಯಾಮೆರಾವನ್ನು ಹಿಡಿದು ಅಲುಗಿಸಿ, ಹಿಡಿಯನ್ನು ಒಮ್ಮೆ ಮುಟ್ಟಿ, ಬಾಗಿಲ ಬಳಿ ಇನ್ನೊಮ್ಮೆ ಮುಟ್ಟಿ.