ಖಾಲಿ ತಿಂಗಳು ತುಂಬಿದ ಮೇಲೆ ಹಕ್ಕಿ ಬಂತು

"ಮರ ನೆಟ್ಟು ಹಕ್ಕಿಗೆ ಕಾಯ್ತಾ ಕೂತ್ರೆ ಆಯ್ತು ಬಿಡಿ" ಎಂದು ನಕ್ಕವರೇ ಈಗ ಕ್ಯಾಮೆರಾ ಹಿಡಿದು ನಮ್ಮ ಗೇಟಿನ ಮುಂದೆ ನಿಲ್ಲುತ್ತಾರೆ. ಏಳೆಂಟು ವರ್ಷ ಹಿಡಿಯಿತು. ಅದರಲ್ಲಿ ಮೊದಲ ಮೂರು ವರ್ಷ ದಂಡ.

ಆಗ ಹೂವಿನ ಬಣ್ಣ ನೋಡಿ ಮರ ಆರಿಸಿದ್ದೆ. ಆಳೆತ್ತರದ ದುಬಾರಿ ಗಿಡಗಳು, ಹದಿನೈದಿಪ್ಪತ್ತು ಇರಬಹುದು. ಬೇಸಿಗೆಗೆ ಅರ್ಧಕ್ಕರ್ಧ ಒಣಗಿದವು. ಕಿತ್ತು ನೋಡಿದರೆ ಬೇರು ಚೀಲದಲ್ಲಿದ್ದ ಹಾಗೇ ಸಿಂಬಿ ಸುತ್ತಿಕೊಂಡಿತ್ತು. ಶ್ರೀಗಂಧವನ್ನು ಒಂಟಿಯಾಗಿ ನೆಟ್ಟದ್ದು ಇನ್ನೊಂದು ಪೆದ್ದತನ. ಪಕ್ಕದ ಗಿಡದ ಬೇರಿಗೆ ಬಾಯಿ ಹಾಕದೆ ಅದು ಏಳಲ್ಲ ಅಂತ ಗೊತ್ತಿದ್ದೂ ಮಾಡಿದೆ. ಆಮೇಲೆ ತೊಗರಿ ಜೊತೆ ಇಟ್ಟೆ, ಹಿಡಿಯಿತು. ಎರಡನೇ ಸುತ್ತಿಗೆ ಮೊಣಕಾಲೆತ್ತರದ ಸಸಿಗಳನ್ನೇ ತಂದೆ. ಮೊದಲ ಖರ್ಚಿನ ಕಾಲು ಭಾಗವೂ ಆಗಲಿಲ್ಲ.

ಉಳಿದ ಮರಗಳಿಗೆ ಹಕ್ಕಿ ಬರುತ್ತಿದ್ದದ್ದು ಹೂವಿದ್ದ ಒಂದೆರಡು ವಾರ. ಆಮೇಲೆ ಸುಮ್ನೆ ನೆರಳು. ಕೊನೆಗೆ ಒಂದು ಕ್ಯಾಲೆಂಡರಿನಲ್ಲಿ, ಸುತ್ತಲಿನ ಯಾವ ಮರದಲ್ಲಿ ಯಾವಾಗ ಹಕ್ಕಿ ಗದ್ದಲ ಅಂತ ಎರಡು ವರ್ಷ ಗುರುತು ಹಾಕಿದೆ. ಚಳಿ ಕಳೆಯುವಾಗ ಹೊಂಗರೆ, ಮುತ್ತುಗದ ಹೂ. ಮಳೆ ಶುರುವಾಗುವಾಗ ನೇರಳೆ. ನಡುವೆ ತಿಂಗಳುಗಟ್ಟಲೆ ಖಾಲಿ. ಅದನ್ನು ತುಂಬಿಸಿದ್ದು ಅತ್ತಿ, ವರ್ಷಕ್ಕೆ ಹಲವು ಸಲ ಕಾಯಿ ಬಿಡುತ್ತದೆ. ಗೋಡೆಯಿಂದ ಸುಮಾರು ಮೂವತ್ತು ಅಡಿ ದೂರ ಹಾಕಿದ್ದೇನೆ. ಬೇರು ಪಾಯಕ್ಕೆ ನುಗ್ಗುತ್ತದೆ ಅನ್ನುವ ಹೆದರಿಕೆ ಸುಳ್ಳಲ್ಲ.

ಅತ್ತಿಯ ಜಾತಿಯದೇ ಆದ ಬಸರಿ ಮರದ ಬೀಜ ನೇರ ಬಿತ್ತಿ ಎರಡು ಟ್ರೇ ಹಾಳಾದವು. ಅದರ ಹಣ್ಣು ತಿಂದ ಹಕ್ಕಿಯ ಹಿಕ್ಕೆ ಕೆರೆದು ತಂದು ಹಾಕಿದ ಟ್ರೇಯಲ್ಲಿ ಮಾತ್ರ ಹಸಿರು ಚುಕ್ಕೆ ಎದ್ದವು. ಜೊತೆಗೆ ಏನು ಬೆರೆಸಿದೆ ಅಂತ ಕೇಳಬೇಡಿ, ಸದ್ಯಕ್ಕೆ ಹೇಳಲ್ಲ.

ಕರಿಬೇವಿನ ಒಂದು ಗಿಡವನ್ನಾದರೂ ಚಿವುಟದೆ ಬಿಟ್ಟು ನೋಡಿ. ಹಣ್ಣು ಕಪ್ಪಾದ ದಿನ ಪಿಕಳಾರಗಳು (ಬುಲ್‌ಬುಲ್) ಹಾಜರು. ಹೆಣ್ಣು ಕೋಗಿಲೆಯೊಂದು ಬಾಗಿದ ರೆಂಬೆಯಲ್ಲಿ ಕತ್ತು ಚಾಚಿ, ಒಂದೊಂದೇ ಇಡಿಯಾಗಿ ನುಂಗುತ್ತದೆ. ತಿಂಗಳೊಳಗೆ ತಂತಿಬೇಲಿಯ ಕೆಳಗೆಲ್ಲ ಕರಿಬೇವಿನ ಸಸಿ, ಬಿಟ್ಟಿ ನರ್ಸರಿ ಅಲ್ವಾ!

ದುಡ್ಡು ಕೊಟ್ಟು ತಂದ ಗೂಡುಪೆಟ್ಟಿಗೆಯಲ್ಲಿ ಇರುವೆ ಸಂಸಾರ ಹೂಡಿತು. ಅಷ್ಟರಲ್ಲಿ ಹೊಂಗರೆಯ ಕೊಂಬೆಯೊಂದು ಒಣಗಿತು. "ಬಿದ್ದೀತು, ಕಡಿಸ್ರೀ" ಅಂದಳು ಹೆಂಡತಿ. ನಾನು ಕೇಳಲಿಲ್ಲ. ಜನವರಿಯಲ್ಲಿ ಜೋಡಿ ಕುಟ್ರ ಹಕ್ಕಿ ಬಂದು, ಗೂಡಿಗಾಗಿ ಕೊಂಬೆಯ ಅಡಿಭಾಗವನ್ನು ಸರದಿಯಂತೆ ಕೊರೆಯತೊಡಗಿದವು. ಕೆಳಗಿನ ಎಲೆಗಳ ಮೇಲೆಲ್ಲ ಬಿಳಿ ಪುಡಿ. ಈಗ ಅವಳೇ ಆ ಕಡೆ ಬಟ್ಟೆ ಒಣಹಾಕುವುದನ್ನು ನಿಲ್ಲಿಸಿದ್ದಾಳೆ.