ಗವರ್ನರ್ ಆಫ್ ಮಾಡಿ ಹಾರಿಸಿ ನೋಡಿ

ರಿಮೋಟ್ ಹೆಲಿಕಾಪ್ಟರ್‌ನ ಎಂಜಿನ್ ವೇಗ ಏರುಪೇರಾಗುತ್ತಿದೆ ಅಂದರೆ ಮೈದಾನದಲ್ಲಿ ಸಿಗುವ ಮೊದಲ ಸಲಹೆ 'ಗವರ್ನರ್ ಗೇನ್ ಬದಲಾಯಿಸಿ' (ಗವರ್ನರ್ ಅಂದರೆ ಎಂಜಿನ್ ವೇಗವನ್ನು ಒಂದೇ ಸಮ ಇಡುವ ಸಾಧನ, ಗೇನ್ ಅಂದರೆ ಅದು ಎಷ್ಟು ಜೋರಾಗಿ ತಿದ್ದಬೇಕು ಅನ್ನುವ ಸೆಟ್ಟಿಂಗ್). ಎರಡನೆಯದು 'ಗವರ್ನರನ್ನೇ ಬದಲಾಯಿಸಿ'. ಈ ಎರಡನ್ನೂ ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಗವರ್ನರ್ ಆಫ್ ಮಾಡಿ ಹಾರಿಸುತ್ತೇನೆ. ನನ್ನ ಹೆಲಿಕಾಪ್ಟರ್‌ನ ತೊಂದರೆ ಪತ್ತೆಯಾಗಿದ್ದು ಹೀಗೆ. ಆಮೇಲೆ ಬೇರೆಯವರ ಮಾಡೆಲ್‌ಗಳಲ್ಲೂ ಇದೇ ದಾರಿ ಕೆಲಸಕ್ಕೆ ಬಂದಿದೆ.

ನನ್ನದು 50 ಸೈಜಿನ ನೈಟ್ರೊ ಹೆಲಿಕಾಪ್ಟರ್, ಅಂದರೆ ನೈಟ್ರೊಮೀಥೇನ್ ಬೆರೆಸಿದ ಇಂಧನದಲ್ಲಿ ಓಡುವಂಥದ್ದು. ಬ್ಲೇಡುಗಳು 600 ಮಿ.ಮೀ. ಉದ್ದ. ಗೇರ್ ಅನುಪಾತ 8.5ಕ್ಕೆ 1. ರೋಟರ್ ನಿಮಿಷಕ್ಕೆ 1750 ಸುತ್ತು ತಿರುಗಬೇಕಾದರೆ ಎಂಜಿನ್ ಸುಮಾರು 14,900 ಸುತ್ತು ತಿರುಗಬೇಕು. ಆಗ ಬ್ಲೇಡಿನ ತುದಿ ಗಂಟೆಗೆ ಹತ್ತಿರಹತ್ತಿರ 440 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ರೋಟರ್ 2100ಕ್ಕೆ ಏರಿಬಿಟ್ಟರೆ ಬ್ಲೇಡನ್ನು ಹೊರಕ್ಕೆ ಎಳೆಯುವ ಬಲ ಶೇ. 44ರಷ್ಟು ಜಾಸ್ತಿಯಾಗುತ್ತದೆ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದಕ್ಕೇ ಇಷ್ಟು. ಹಾಗಾಗಿ ಎಂಜಿನ್ ವೇಗವನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮುಂದೆ ಹೇಳುವ ಪರೀಕ್ಷೆಗಳನ್ನು ಜನರಿಂದ ದೂರ ನಿಂತೇ ಮಾಡಿ.

ಗವರ್ನರ್ ಮಾಡುವುದು ಒಂದೇ ಕೆಲಸ. ಎಂಜಿನ್‌ನ ಕೂಲಿಂಗ್ ಫ್ಯಾನಿನಲ್ಲಿ ಒಂದು ಪುಟ್ಟ ಮ್ಯಾಗ್ನೆಟ್ ಇರುತ್ತದೆ. ಪಕ್ಕದಲ್ಲಿ ಹಾಲ್ ಸೆನ್ಸರ್, ಅಂದರೆ ಕಾಂತಕ್ಷೇತ್ರವನ್ನು ಗುರುತಿಸುವ ಸೆನ್ಸರ್. ಮ್ಯಾಗ್ನೆಟ್ ಎದುರಿಗೆ ಹಾದುಹೋದಾಗಲೆಲ್ಲ ಸೆನ್ಸರ್ ಒಂದು ಎಣಿಕೆ ಹಾಕುತ್ತದೆ. ವೇಗ ಕಡಿಮೆಯಾದರೆ ಗವರ್ನರ್ ಥ್ರಾಟಲ್ ಸರ್ವೊವನ್ನು (ಎಂಜಿನ್‌ಗೆ ಹೋಗುವ ಗಾಳಿ-ಇಂಧನವನ್ನು ಹೆಚ್ಚು ಕಡಿಮೆ ಮಾಡುವ ಪುಟ್ಟ ಮೋಟರ್) ತೆರೆಯುತ್ತದೆ, ಹೆಚ್ಚಾದರೆ ಮುಚ್ಚುತ್ತದೆ. ಆಲೆಮನೆಯ ಡೀಸೆಲ್ ಎಂಜಿನ್ ನೋಡಿದವರಿಗೆ ಇದು ಗೊತ್ತು. ಗಾಣಕ್ಕೆ ಕಬ್ಬು ಕೊಟ್ಟಾಗ ಎಂಜಿನ್ ಒಂದು ಕ್ಷಣ ಮುಕ್ಕರಿದು ಮತ್ತೆ ಅದೇ ಲಯಕ್ಕೆ ಬರುತ್ತದಲ್ಲ, ಅದೂ ಗವರ್ನರ್ ಕೆಲಸವೇ.

ಇದರಲ್ಲಿ ಒಂದು ತೊಡಕಿದೆ. ಎಂಜಿನ್‌ಗೆ ಏನೋ ಕಾಯಿಲೆ ಇದ್ದರೂ ಗವರ್ನರ್ ಅದನ್ನು ಮುಚ್ಚಿಡುತ್ತದೆ. ಶಕ್ತಿ ಸ್ವಲ್ಪ ಕುಸಿದರೆ ಥ್ರಾಟಲ್ ಸ್ವಲ್ಪ ತೆರೆಯುತ್ತದೆ. ಇನ್ನೂ ಕುಸಿದರೆ ಇನ್ನೂ ತೆರೆಯುತ್ತದೆ. ನಮ್ಮ ಕಿವಿಗೆ ವೇಗ ಸರಿಯಾಗಿಯೇ ಇದೆ. ಕೊನೆಗೆ ತೆರೆಯಲು ಥ್ರಾಟಲ್ ಉಳಿಯುವುದಿಲ್ಲ. ತೊಂದರೆ ನಮಗೆ ಕಾಣಿಸುವುದು ಆಗಲೇ, ಅದೂ ಗವರ್ನರ್ ಕೆಟ್ಟಂತೆ.

ನನ್ನ ಹೆಲಿಕಾಪ್ಟರ್‌ನಲ್ಲಿ ಆಗಿದ್ದು ಹೀಗೆಯೇ. ಟ್ಯಾಂಕಿನ ಮೊದಲರ್ಧ ಇಂಧನ ಮುಗಿಯುವವರೆಗೆ ಹಾರಾಟ ಅಚ್ಚುಕಟ್ಟು. ಹೋವರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲುವುದು) ಕೂಡ ಸ್ಥಿರ. ದ್ವಿತೀಯಾರ್ಧದಲ್ಲಿ ಜೋರಾಗಿ ಮೇಲೇರಿಸಿದರೆ ಸದ್ದು ಕುಗ್ಗುತ್ತಿತ್ತು. ಪಿಚ್ (ಬ್ಲೇಡುಗಳ ಓರೆ) ಇಳಿಸಿದ ತಕ್ಷಣ ವೇಗ ಗುರಿ ದಾಟಿ ಮೇಲೆ ಹೋಗುತ್ತಿತ್ತು, ಬಾಲ ಒಂದು ಕಡೆ ಎಳೆಯುತ್ತಿತ್ತು. ಗೇನ್ ಕಡಿಮೆ ಮಾಡು ಅಂತ ಒಬ್ಬರು, ಜಾಸ್ತಿ ಮಾಡು ಅಂತ ಇನ್ನೊಬ್ಬರು. ಟ್ರಾನ್ಸ್‌ಮಿಟರ್‌ನ ಒಂದು ಸ್ವಿಚ್ಚಿಗೆ ಗವರ್ನರ್ ಆನ್-ಆಫ್ ಕೊಟ್ಟೆ. ಆಫ್ ಮಾಡಿ, ಬರೀ ಥ್ರಾಟಲ್ ಕರ್ವ್ (ಸ್ಟಿಕ್ ಎಲ್ಲಿದ್ದರೆ ಥ್ರಾಟಲ್ ಎಷ್ಟು ಅಂತ ಮೊದಲೇ ಇಟ್ಟ ಲೆಕ್ಕ) ಮೇಲೆ ಒಂದು ಟ್ಯಾಂಕ್ ಪೂರ್ತಿ ಹಾರಿಸಿದೆ.

ಎಲ್ಲ ಬಯಲಿಗೆ ಬಂತು. ಟ್ಯಾಂಕ್ ಅರ್ಧವಾದ ಮೇಲೆ ಸೈಲೆನ್ಸರ್ ಹೊಗೆ ತೆಳ್ಳಗಾಯಿತು. ಹೋವರ್‌ನಲ್ಲೇ ವೇಗ ನಿಧಾನವಾಗಿ ಇಳಿಯತೊಡಗಿತು. ಇಳಿಸಿ ಕ್ರ್ಯಾಂಕ್‌ಕೇಸಿನ ಹಿಂಬದಿಯ ಪ್ಲೇಟಿಗೆ ಬೆರಳಿಟ್ಟರೆ ಐದು ಸೆಕೆಂಡ್ ಕೂಡ ತಡೆಯಲಾಗಲಿಲ್ಲ. ಎಂಜಿನ್ ಲೀನ್ ಆಗುತ್ತಿದೆ, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಸಾಲುತ್ತಿಲ್ಲ. ನೀಡಲ್ (ಕಾರ್ಬುರೇಟರ್‌ನಲ್ಲಿ ಇಂಧನದ ಪ್ರಮಾಣ ತಿದ್ದುವ ತಿರುಪು) ಸೆಟ್ಟಿಂಗ್ ತಪ್ಪಿದ್ದರೆ ಮೊದಲ ನಿಮಿಷದಿಂದಲೇ ಹೀಗಾಗಬೇಕಿತ್ತು. ಅರ್ಧ ಟ್ಯಾಂಕ್ ಆದ ಮೇಲೆ ಮಾತ್ರ ಆಗುತ್ತಿದೆ ಅಂದರೆ ಟ್ಯಾಂಕಿನ ಒಳಗೇ ನೋಡಬೇಕು.

ಟ್ಯಾಂಕ್ ಬಿಚ್ಚಿದೆ. ಒಳಗೆ ಇಂಧನ ಹೀರುವ ಕೊಳವೆಯ ತುದಿಯಲ್ಲಿ ಕ್ಲಂಕ್ ಅನ್ನುವ ತೂಕ ಇರುತ್ತದೆ. ಕ್ಲಂಕ್‌ಗೆ ಹೋಗುವ ಸಿಲಿಕೋನ್ ಕೊಳವೆ ಹಿತ್ತಾಳೆ ನಳಿಕೆಗೆ ಸೇರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಆ ಜಾಗ ಟ್ಯಾಂಕಿನ ಮೇಲ್ಭಾಗದಲ್ಲಿದೆ. ಟ್ಯಾಂಕ್ ತುಂಬಿದ್ದಾಗ ಬಿರುಕು ಇಂಧನದಲ್ಲಿ ಮುಳುಗಿರುತ್ತದೆ, ಎಳೆದರೂ ಇಂಧನವೇ ಬರುತ್ತದೆ. ಮಟ್ಟ ಇಳಿದು ಬಿರುಕು ಮೇಲೆ ಬಂದಾಗ ಗಾಳಿ ಒಳಗೆ ಹೋಗುತ್ತದೆ. ಕೊಳವೆ ಬದಲಾಯಿಸಿದೆ. ಸೈಲೆನ್ಸರ್‌ನಿಂದ ಟ್ಯಾಂಕಿಗೆ ಒತ್ತಡ ತರುವ ಕೊಳವೆಯೂ ಗಟ್ಟಿಯಾಗಿ ಹಳತಾಗಿತ್ತು, ಅದನ್ನೂ ಬದಲಾಯಿಸಿದೆ. ಗವರ್ನರ್‌ನ ಒಂದು ಸೆಟ್ಟಿಂಗನ್ನೂ ಮುಟ್ಟಲಿಲ್ಲ. ತೊಂದರೆ ಹೋಯಿತು.

ಆಫ್ ಮಾಡಿ ಹಾರಿಸುವಾಗ ನಾನು ನೋಡುವ ಇನ್ನೊಂದು ವಿಷಯ ಲೋ ನೀಡಲ್, ಅಂದರೆ ಕಡಿಮೆ ಥ್ರಾಟಲ್‌ನಲ್ಲಿ ಇಂಧನ ಹದ ಮಾಡುವ ನೀಡಲ್. ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬುರೇಟರ್‌ಗೆ ಹತ್ತಿರದಲ್ಲಿ ಇಂಧನ ಕೊಳವೆಯನ್ನು ಚಿವುಟಿ ಹಿಡಿಯಿರಿ. ವೇಗ ಎರಡು ಮೂರು ಸೆಕೆಂಡ್ ಸ್ವಲ್ಪ ಏರಿ ಆಮೇಲೆ ಸತ್ತರೆ ಸರಿ. ಏರದೆಯೇ ಥಟ್ಟನೆ ಸತ್ತರೆ ಲೀನ್. ತುಂಬಾ ಹೊತ್ತು ಏರುತ್ತಲೇ ಇದ್ದರೆ ರಿಚ್, ಅಂದರೆ ಇಂಧನ ಜಾಸ್ತಿ. ಮಧ್ಯದ ಥ್ರಾಟಲ್‌ನಲ್ಲಿ ತುಂಬಾ ರಿಚ್ ಇರುವ ಎಂಜಿನ್‌ಗೆ ಗವರ್ನರ್ ಹಾಕಿದರೆ ಅದು ಹೋವರ್‌ನಲ್ಲಿ ಗುಯ್ಯ್-ಗುಯ್ಯ್ ಅಂತ ಅಲೆಯುತ್ತದೆ. ಗವರ್ನರ್ ಥ್ರಾಟಲ್ ಕೊಟ್ಟರೂ ಎಂಜಿನ್ ತಡವಾಗಿ ಉತ್ತರಿಸುತ್ತದೆ, ಅಷ್ಟರಲ್ಲಿ ಗವರ್ನರ್ ಜಾಸ್ತಿ ಕೊಟ್ಟುಬಿಟ್ಟಿರುತ್ತದೆ. ಈ ಅಲೆದಾಟ ಹಳೇ ಸಮಸ್ಯೆ. 1788ರ ಸುಮಾರಿಗೆ ಜೇಮ್ಸ್ ವ್ಯಾಟ್ ಸ್ಟೀಮ್ ಎಂಜಿನ್‌ಗೆ ಗವರ್ನರ್ ಹಾಕಿದ ಮೇಲೆ ಅವುಗಳಲ್ಲೂ ಇದೇ ಕಾಟ ಇತ್ತು. 1868ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅದರ ಗಣಿತವನ್ನು ಬಿಡಿಸಿ ಬರೆದರು. ನಮ್ಮ ಪುಟ್ಟ ಎಂಜಿನ್‌ನಲ್ಲಿ ಕೇಳುವ ಗುಯ್ಯ್-ಗುಯ್ಯ್ ಸದ್ದು ಆ ಲೆಕ್ಕದ್ದೇ ಅಂತ ತಿಳಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಗವರ್ನರ್ ಇಲ್ಲದೆ ಎಂಜಿನ್ ಸರಿಯಾಗಿ ಓಡಿದರೆ ಆಗ ಮುಂದಿನದಕ್ಕೆ ಹೋಗುತ್ತೇನೆ. ಥ್ರಾಟಲ್ ಲಿಂಕೇಜ್, ಅಂದರೆ ಸರ್ವೊವನ್ನು ಕಾರ್ಬುರೇಟರ್‌ಗೆ ಜೋಡಿಸುವ ಕಡ್ಡಿ. ಸರ್ವೊ ಪೂರ್ತಿ ಹೋದಾಗ ಕಾರ್ಬುರೇಟರ್ ಪೂರ್ತಿ ತೆರೆಯುತ್ತದಾ ಅಂತ ಬಾಯೊಳಗೆ ಇಣುಕಿ ನೋಡಿ. ಪೂರ್ತಿ ಮುಚ್ಚಿದಾಗ ಸರ್ವೊ ಗೊಣಗಬಾರದು. ಬಾಲ್ ಲಿಂಕ್ ಬೆರಳಲ್ಲಿ ಅಲುಗಾಡಿಸಿದರೆ ಸಡಿಲ ಇರಬಾರದು. ಸಡಿಲ ಇದ್ದರೆ ಗವರ್ನರ್ ಕೊಟ್ಟ ಸಣ್ಣ ತಿದ್ದುಪಡಿ ಥ್ರಾಟಲ್‌ಗೆ ತಲುಪುವುದೇ ಇಲ್ಲ, ಆಮೇಲೆ ದೊಡ್ಡದಾಗಿ ತಲುಪುತ್ತದೆ. ಸರ್ವೊ ಎಂಡ್‌ಪಾಯಿಂಟ್ (ಸರ್ವೊ ಎಲ್ಲಿವರೆಗೆ ಹೋಗಬೇಕು ಅನ್ನುವ ಮಿತಿ) ಬದಲಾಯಿಸಿದರೆ ಐಡಲ್ ಮತ್ತು ಫುಲ್ ಥ್ರಾಟಲ್ ಜಾಗಗಳನ್ನು ಗವರ್ನರ್‌ಗೆ ಮತ್ತೆ ಕಲಿಸಬೇಕು.

ಸೆನ್ಸರ್ ವಿಷಯಕ್ಕೆ ಬಂದರೆ ಒಬ್ಬ ಹುಡುಗನ ಹೆಲಿಕಾಪ್ಟರ್ ನೆನಪಾಗುತ್ತದೆ. "ಅಣ್ಣ, ಗವರ್ನರ್ ಆನ್ ಮಾಡಿದ ತಕ್ಷಣ ಎಂಜಿನ್ ಸತ್ತ ಹಾಗೆ ಆಗುತ್ತೆ. ಹೊಸದು ತಗೊಳ್ಳಲಾ?" ಅಂತ ಕೇಳಿದ.

"ಬೇಡಪ್ಪ, ಮೊದಲು ಫ್ಯಾನ್ ತೋರಿಸು" ಅಂದೆ.

ಫ್ಯಾನಿನಲ್ಲಿ ಎರಡು ಮ್ಯಾಗ್ನೆಟ್ ಇದ್ದವು. ಒಂದು ಎಣಿಕೆಗೆ, ಇನ್ನೊಂದು ತೂಕ ಸಮ ಮಾಡುವುದಕ್ಕೆ ಎದುರು ಬದಿಯಲ್ಲಿ. ಸೆನ್ಸರ್ ಸಾಮಾನ್ಯವಾಗಿ ಒಂದೇ ಧ್ರುವಕ್ಕೆ ಎಣಿಕೆ ಹಾಕುವುದರಿಂದ ತೂಕದ ಮ್ಯಾಗ್ನೆಟನ್ನು ತಿರುಗಿಸಿ ಕೂರಿಸಬೇಕು. ಇಲ್ಲಿ ಎರಡರದ್ದೂ ಒಂದೇ ಧ್ರುವ ಸೆನ್ಸರ್ ಕಡೆಗಿತ್ತು. ಒಂದು ಸುತ್ತಿಗೆ ಎರಡು ಎಣಿಕೆ. ಎಂಜಿನ್ 7,500ರಲ್ಲಿ ತಿರುಗುತ್ತಿದ್ದರೆ ಗವರ್ನರ್‌ಗೆ 15,000 ಕಾಣುತ್ತದೆ, ಪಾಪ ಅದು ಥ್ರಾಟಲ್ ಮುಚ್ಚುತ್ತದೆ. ಕೈಯಲ್ಲಿ ಇನ್ನೊಂದು ಬಿಡಿ ಮ್ಯಾಗ್ನೆಟ್ ಹಿಡಿದು ಹತ್ತಿರ ತಂದರೆ ಯಾವುದು ಎಳೆಯುತ್ತದೆ, ಯಾವುದು ತಳ್ಳುತ್ತದೆ ಅಂತ ತಿಳಿಯುತ್ತದೆ. ಒಂದನ್ನು ಕಿತ್ತು ತಿರುಗಿಸಿ ಕೂರಿಸಿದೆವು, ಅಷ್ಟೇ.

ಅಂಟಿಸುವಾಗ ಎಪಾಕ್ಸಿಯನ್ನೇ ಬಳಸಿ. ಗುಳಿಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಎಣ್ಣೆ ಪಸೆ ಒರೆಸಿ ಆಮೇಲೆ ಅಂಟಿಸಿ. ಸೂಪರ್ ಗ್ಲೂ ಬಿಸಿಗೆ ಮತ್ತು ನಡುಕಕ್ಕೆ ಬಿಟ್ಟುಬಿಡುತ್ತದೆ. ಮ್ಯಾಗ್ನೆಟ್ ಹಾರಿಹೋದರೆ ಎಣಿಕೆ ಸೊನ್ನೆ. ಸೆನ್ಸರ್ ಬ್ರಾಕೆಟ್‌ನ ಸ್ಕ್ರೂಗಳಿಗೆ ಥ್ರೆಡ್‌ಲಾಕ್ ಹಾಕಿ. ಬ್ರಾಕೆಟ್ ಒಂದಿಷ್ಟು ಸರಿದರೂ ಸಿಗ್ನಲ್ ಸಣ್ಣದಾಗುತ್ತದೆ, ಆಗ ಕೆಲವು ಎಣಿಕೆ ತಪ್ಪುತ್ತದೆ. ಫುಟಾಬಾ ಜಿವಿ-1 ಗವರ್ನರಿನಲ್ಲಿ ಸೆನ್ಸರ್ ಸಿಗ್ನಲನ್ನು ಶೇಕಡಾ ಲೆಕ್ಕದಲ್ಲಿ ನೋಡಬಹುದು. ಫ್ಯಾನನ್ನು ಕೈಯಲ್ಲಿ ತಿರುಗಿಸಿ ಅದು 60 ದಾಟುವಂತೆ ಸೆನ್ಸರ್ ಕೂರಿಸಬೇಕು. ಪ್ರತಿ ಸಲ ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ನಾನು ಇದನ್ನು ನೋಡುತ್ತೇನೆ.

ಇನ್ನೊಂದು ತೊಂದರೆಯಲ್ಲಿ ಗವರ್ನರ್ ಎಲ್ಲವನ್ನೂ ಸರಿಯಾಗಿಯೇ ಮಾಡುತ್ತಿರುತ್ತದೆ, ಆದರೂ ರೋಟರ್ ನಿಧಾನವಾಗುತ್ತದೆ. ಸೆನ್ಸರ್ ಅಳೆಯುವುದು ಎಂಜಿನ್‌ನ ವೇಗ, ರೋಟರಿನದ್ದಲ್ಲ. ಇವೆರಡರ ನಡುವೆ ಕ್ಲಚ್ ಇದೆ, ಒನ್-ವೇ ಬೇರಿಂಗ್ ಇದೆ. ಕ್ಲಚ್ ಲೈನಿಂಗ್ ಸವೆದು ಜಾರಿದರೆ ಎಂಜಿನ್ ಸದ್ದು ಬದಲಾಗುವುದಿಲ್ಲ, ಬ್ಲೇಡಿನ ಸದ್ದು ಮಾತ್ರ ಕುಗ್ಗುತ್ತದೆ. ಈ ಎರಡು ಸದ್ದನ್ನು ಬೇರೆ ಬೇರೆಯಾಗಿ ಕೇಳುವುದನ್ನು ಕಿವಿಗೆ ಕಲಿಸಿ. ಅನುಮಾನ ಬಂದರೆ ಸಹಾಯಕ್ಕೆ ಒಬ್ಬರನ್ನು ಕರೆದು ದೂರದಿಂದ ಆಪ್ಟಿಕಲ್ ಟ್ಯಾಕೊಮೀಟರ್‌ನಲ್ಲಿ ರೋಟರ್ ವೇಗ ನೋಡಿಸಿ. ಅದನ್ನು ಗೇರ್ ಅನುಪಾತದಿಂದ (ನನ್ನದರಲ್ಲಿ 8.5) ಗುಣಿಸಿ ಗವರ್ನರ್ ತೋರಿಸುವ ಎಂಜಿನ್ ವೇಗದ ಜೊತೆ ಹೋಲಿಸಿ. ಎರಡೂ ಹೊಂದದಿದ್ದರೆ ಕ್ಲಚ್ ಬಿಚ್ಚಿ.

ಟ್ಯಾಕೊಮೀಟರೇ ಸರಿ ಇದೆಯಾ ಅಂತ ಮನೆಯಲ್ಲೇ ನೋಡಬಹುದು. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕಡೆ ಹಿಡಿಯಿರಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎರಡು ಬ್ಲೇಡಿನ ಸೆಟ್ಟಿಂಗಿನಲ್ಲಿ 3000 ತೋರಿಸಬೇಕು. ಎಲೆಕ್ಟ್ರಾನಿಕ್ ಚೋಕ್ ಇದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಬ್ಯಾಟರಿ ಬಗ್ಗೆ ಒಂದೇ ಮಾತು. 4.8 ವೋಲ್ಟಿನ ಹಳೇ ನಾಲ್ಕು ಸೆಲ್ ಪ್ಯಾಕಿನಲ್ಲಿ ಡಿಜಿಟಲ್ ಸರ್ವೊಗಳು ಒಟ್ಟಿಗೆ ಎಳೆದಾಗ ವೋಲ್ಟೇಜ್ ಕ್ಷಣಮಾತ್ರ ಕುಸಿಯುತ್ತದೆ. ವೇಗದ ಏರುಪೇರು ಜೋರು ಸ್ಟಿಕ್ ಚಲನೆಯ ಜೊತೆಗೇ ಬರುತ್ತಿದ್ದರೆ ಅಲ್ಲಿ ನೋಡಿ. ಎಂಜಿನ್ ಆಫ್ ಇಟ್ಟು, ಸ್ಟಿಕ್‌ಗಳನ್ನೆಲ್ಲ ಜೋರಾಗಿ ಆಡಿಸುತ್ತಾ ಮೀಟರ್ ಹಿಡಿದರೆ ಸಾಕು.

ಇಷ್ಟೆಲ್ಲ ಸರಿ ಇದ್ದು ಆಮೇಲೂ ಹೋವರ್‌ನಲ್ಲಿ ವೇಗ ಬೇಗಬೇಗ ನಡುಗುತ್ತಿದ್ದರೆ ಆಗ ಗೇನ್ ಸ್ವಲ್ಪ ಇಳಿಸುತ್ತೇನೆ. ಮೇಲೇರುವಾಗ ಕುಗ್ಗಿ ನಿಧಾನವಾಗಿ ಚೇತರಿಸಿಕೊಂಡರೆ ಸ್ವಲ್ಪ ಏರಿಸುತ್ತೇನೆ. ಗವರ್ನರ್ ಹಿಂದಿರುವ ಥ್ರಾಟಲ್ ಕರ್ವನ್ನು ಸುಮ್ನೆ ಹೇಗೋ ಇಡಬೇಡಿ. ಗವರ್ನರ್ ಹಾರಾಟದ ಮಧ್ಯೆ ಕೈಬಿಟ್ಟರೆ ಎಂಜಿನ್ ಹೋಗಿ ನಿಲ್ಲುವುದು ಆ ಕರ್ವ್ ಮೇಲೆಯೇ.

ಎಲೆಕ್ಟ್ರಿಕ್ ಹೆಲಿಕಾಪ್ಟರ್‌ಗಳಲ್ಲಿ ಗವರ್ನರ್ ಇ.ಎಸ್.ಸಿ. (ಮೋಟರ್ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ) ಒಳಗೇ ಇರುತ್ತದೆ. ಮ್ಯಾಗ್ನೆಟ್ ಇಲ್ಲ, ನೀಡಲ್ ಇಲ್ಲ. ಆದರೂ ಮುಚ್ಚಿಡುವ ಗುಣ ಅಲ್ಲೂ ಇದೆ. ನನ್ನ 500 ಸೈಜಿನ ಮಾಡೆಲ್‌ನಲ್ಲಿ 1600 ಕೆವಿ ಮೋಟರ್ (ಒಂದು ವೋಲ್ಟಿಗೆ ನಿಮಿಷಕ್ಕೆ 1600 ಸುತ್ತು), 13 ಹಲ್ಲಿನ ಪಿನಿಯನ್ (ಮೋಟರಿನ ಪುಟ್ಟ ಗೇರ್), 162 ಹಲ್ಲಿನ ಮೇನ್ ಗೇರ್. ಅನುಪಾತ 12.46. ಆರು ಸೆಲ್‌ನ ಲಿಪೊ ಬ್ಯಾಟರಿ ಹೊರೆಯಲ್ಲಿ ಸೆಲ್‌ಗೆ 3.5 ವೋಲ್ಟಿಗೆ ಇಳಿದರೆ ಒಟ್ಟು 21 ವೋಲ್ಟ್. 21 ಗುಣಿಸು 1600, ಭಾಗಿಸು 12.46 ಮಾಡಿದರೆ ರೋಟರ್ ವೇಗ ಸುಮಾರು 2700. ಶೇ. 10 ನಷ್ಟ ಕಳೆದರೆ 2430. ನಾನು ಅದರಿಂದ 2500 ಕೇಳಿದರೆ ಹಾರಾಟದ ಕೊನೆಯಲ್ಲಿ ಅದು ಕೊಡಲಾಗದು, ಯಾವ ಇ.ಎಸ್.ಸಿ. ಹಾಕಿದರೂ ಅಷ್ಟೇ. 2200 ಕೇಳಿದರೆ ಮೊದಲಿಂದ ಕೊನೆವರೆಗೆ ಒಂದೇ ಸಮ. ಹೆಚ್ಚು ವೇಗ ಬೇಕೇ ಬೇಕು ಅಂದರೆ ದೊಡ್ಡ ಪಿನಿಯನ್ ಹಾಕಿ, ಜೊತೆಗೆ ಕರೆಂಟ್ ಮತ್ತು ಮೋಟರ್ ಬಿಸಿ ಎಷ್ಟಾಗುತ್ತದೆ ಅಂತ ನೋಡಿಕೊಳ್ಳಿ.

ನೈಟ್ರೊ ಹಾರಿಸುವವರು ಊರು ಬದಲಾಯಿಸುವಾಗ ಇನ್ನೊಂದನ್ನು ಗಮನಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಕಡಲ ಮಟ್ಟಕ್ಕಿಂತ ಹತ್ತಿರಹತ್ತಿರ ಶೇ. 8ರಿಂದ 9ರಷ್ಟು ಕಡಿಮೆ. ಇಲ್ಲಿ ಹದ ಮಾಡಿದ ಎಂಜಿನನ್ನು ಮಂಗಳೂರಿಗೆ ಒಯ್ದರೆ ಗಾಳಿ ಜಾಸ್ತಿ ಸಿಕ್ಕಿ ಲೀನ್ ಆಗುತ್ತದೆ. ನೈಟ್ರೊ ಅಂಶ ಹೆಚ್ಚಿರುವ ಇಂಧನಕ್ಕೆ ಬದಲಾದರೂ ಹಾಗೆಯೇ. ಗವರ್ನರ್ ಆನ್ ಇದ್ದರೆ ಇದು ಕಿವಿಗೆ ಬೀಳುವುದಿಲ್ಲ, ಎಂಜಿನ್ ಮಾತ್ರ ಬೇಯುತ್ತಿರುತ್ತದೆ. ಘಟ್ಟ ಇಳಿದ ಮೇಲೆ ನಾನು ಹೈ ನೀಡಲನ್ನು (ಹೆಚ್ಚು ಥ್ರಾಟಲ್‌ನಲ್ಲಿ ಇಂಧನ ಹದ ಮಾಡುವುದು) ಎರಡು ಮೂರು ಕ್ಲಿಕ್ ತೆರೆಯುತ್ತೇನೆ, ಗವರ್ನರ್ ಸ್ವಿಚ್ ಆಫ್ ಇಟ್ಟು ಮೊದಲ ಟ್ಯಾಂಕ್ ಹೊಗೆ ನೋಡುತ್ತಾ ಹೋವರ್ ಮಾಡುತ್ತೇನೆ. ಆಮೇಲೆ ಹಿಂಬದಿಯ ಪ್ಲೇಟ್ ಮುಟ್ಟಿ ನೋಡಿ, ಒಂದೊಂದೇ ಕ್ಲಿಕ್ ಮುಚ್ಚುತ್ತಾ ಬರುತ್ತೇನೆ.