ಮಳೆಗಾಲಕ್ಕೆ ಮನೆಯಲ್ಲೇ ಲಿಥಿಯಂ ಪ್ಯಾಕ್, ಕಡಲ ಬದಿಯವರು ಗಮನಿಸಬೇಕಾದ್ದು

ಆಟಿಯ ಮಳೆಗೆ ಕರೆಂಟ್ ಹೋದ್ರೂ ವೈಫೈ ರೂಟರ್, ಒಂದು ಎಲ್‌ಇಡಿ ಲೈಟ್ ನಡೀಬೇಕು ಅಂತ ನಾನು ಮಾಡಿದ್ದು ಆರು 18650 ಸೆಲ್ಲಿನ (18 ಮಿಮೀ ದಪ್ಪ, 65 ಮಿಮೀ ಉದ್ದದ ಉರುಟು ಲಿಥಿಯಂ ಸೆಲ್) ಪ್ಯಾಕ್, ಎರಡೆರಡು ಪ್ಯಾರಲಲ್, ಅಂಥ ಮೂರು ಜೋಡಿ ಸೀರೀಸ್. 2500 ಎಂಎಎಚ್ ಸೆಲ್ ಆದ್ರೆ 11.1 ವೋಲ್ಟ್, ಹೆಚ್ಚುಕಮ್ಮಿ 55 ವಾಟ್ ಅವರ್, ಮಧ್ಯೆ ಹೋಗುವ ನಷ್ಟ ಕಳೆದು 10 ವಾಟ್ ಲೋಡಿಗೆ ನಾಲ್ಕೂವರೆ ಗಂಟೆ ಹತ್ತಿರ ಬರ್ತದೆ. ಫುಲ್ ಇದ್ದಾಗ 12.6, ಖಾಲಿ ಆಗುವಾಗ 9ರ ಹತ್ತಿರ, ಹಾಗಾಗಿ ರೂಟರಿಗೆ ಮಧ್ಯೆ 12 ವೋಲ್ಟಿನ ಬಕ್ ಬೂಸ್ಟ್ ಬೇಕು, ಅಂದ್ರೆ ಪ್ಯಾಕಿನ ವೋಲ್ಟೇಜ್ ಏರಿದ್ರೂ ಇಳಿದ್ರೂ 12ನ್ನೇ ಕೊಡುವ ಬೋರ್ಡ್.

ಗುಜರಿ ಲ್ಯಾಪ್‌ಟಾಪ್ ಸೆಲ್ ಆದ್ರೂ ಆಗ್ತದೆ, ಆದ್ರೆ 2 ವೋಲ್ಟಿಗಿಂತ ಕೆಳಗೆ ಬಿದ್ದದ್ದು ಬೇಡವೇ ಬೇಡ, ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗ್ಬಹುದು. ಒಳ್ಳೇದನ್ನು 4.2ಕ್ಕೆ ಚಾರ್ಜ್ ಮಾಡಿ ಒಂದು ವಾರ ಬಿಡಿ, 4.1ಕ್ಕಿಂತ ಇಳಿದ್ರೆ ಅದನ್ನೂ ಬದಿಗಿಡಿ. 9900 ಎಂಎಎಚ್ ಅಂತ ಬರೆದದ್ದು ಸುಳ್ಳು, ಈ ಸೈಜಿನಲ್ಲಿ ಅಷ್ಟು ಬರುವುದಿಲ್ಲ.

ಈಗ ನಮ್ಮ ಊರಿನ ಮುಖ್ಯ ವಿಷಯ ಹೇಳ್ತೇನೆ, ಸೆಲ್ಲಿಗೆ ಸೆಲ್ ಜೋಡಿಸುವ ನಿಕಲ್ ಪಟ್ಟಿ. ಮಲ್ಪೆ, ಉಳ್ಳಾಲದ ಕಡೆ ಗಾಳಿಯಲ್ಲೇ ಉಪ್ಪು ಉಂಟು ಮಾರಾಯ್ರೆ, ನನ್ನ ಮೊದಲ ಪ್ಯಾಕಿನ ಪಟ್ಟಿ ಒಂದೇ ಮಳೆಗಾಲಕ್ಕೆ ಕೆಂಪಾಗಿ ಹೋಯ್ತು, ಪ್ಯೂರ್ ನಿಕಲ್ ಅಂತ ಕೊಟ್ಟದ್ದು, ನೋಡಿದ್ರೆ ಮೇಲೆ ಮಾತ್ರ ನಿಕಲ್, ಒಳಗೆ ಕಬ್ಬಿಣ. ತಕ್ಕೊಂಡ ಕೂಡ್ಲೇ ಒಂದು ತುಂಡು ಅರದಿಂದ ಉಜ್ಜಿ ಉಪ್ಪುನೀರಲ್ಲಿ ಒಂದೆರಡು ದಿನ ಹಾಕಿಡಿ, ತುಕ್ಕು ಬಂದ್ರೆ ವಾಪಸ್ ಕೊಡಿ. 0.15 ಮಿಮೀ ದಪ್ಪದ್ದು ಸಾಕು. ಸ್ಪಾಟ್ ವೆಲ್ಡ್ ಮಾಡಿಸಿ, ಸೆಲ್ಲಿಗೆ ನೇರ ಸೋಲ್ಡರ್ ಹಿಡೀಬೇಡಿ, ಬಿಸಿಗೆ ಒಳಗೆ ಹಾಳಾಗ್ತದೆ. ಪಾಸಿಟಿವ್ ತುದಿಯ ಸುತ್ತ ಇರುವ ಅಂಚು ನೆಗೆಟಿವ್ ಅಂತ ನೆನಪಿರಲಿ, ಅಲ್ಲಿ ಪೇಪರ್ ವಾಷರ್ ಹಾಕದೆ ಪಟ್ಟಿ ಇಡಬೇಡಿ. ಪ್ಯಾರಲಲ್ ಮಾಡುವ ಮೊದಲು ಎರಡೂ ಸೆಲ್ಲಿನ ವೋಲ್ಟೇಜ್ 0.05ರ ಒಳಗೆ ಸರಿ ಇರ್ಬೇಕು.

ಬಿಎಂಎಸ್, ಅಂದ್ರೆ ಸೆಲ್ ಅತಿ ಚಾರ್ಜ್ ಆಗದಂತೆ, ತೀರಾ ಖಾಲಿ ಆಗದಂತೆ ಕಟ್ ಮಾಡುವ ಬೋರ್ಡ್, ಬ್ಯಾಲೆನ್ಸ್ (ಮೂರೂ ಜೋಡಿಯ ವೋಲ್ಟೇಜ್ ಸಮ ಮಾಡುವುದು) ಇರುವುದನ್ನೇ ಕೇಳಿ ತಕ್ಕೊಳ್ಳಿ, ನೆಗೆಟಿವ್‌ನಿಂದ ಶುರು ಮಾಡಿ ಒಂದೊಂದೇ ವಯರ್ ಕೊಡಿ, ಪ್ರತಿ ಸಲ ಮೀಟರ್ ಹಿಡಿದು 3.7, 7.4, 11.1 ಹೀಗೆ ಸರಿಯಾಗಿ ಏರ್ತಾ ಬರ್ತದಾ ನೋಡಿ, ಸೆಲ್ ಫುಲ್ ಇದ್ರೆ ಸ್ವಲ್ಪ ಜಾಸ್ತಿ ತೋರಿಸ್ತದೆ. ಪಾಸಿಟಿವ್ ವಯರಲ್ಲಿ 5 ಆಂಪಿಯರ್ ಫ್ಯೂಸ್ ಹಾಕಿ.

ಚಾರ್ಜರ್ ವಿಷಯದಲ್ಲಿ ದಯವಿಟ್ಟು ಹಟ ಮಾಡಬೇಡಿ. ಮನೆಯಲ್ಲಿ ಬೈಕ್ ಬ್ಯಾಟರಿಯ ಚಾರ್ಜರ್ ಉಂಟಲ್ವಾ ಅಂತ ಅದನ್ನೇ ಕೊಟ್ರೆ 14 ವೋಲ್ಟ್ ದಾಟ್ತದೆ, ಬಿಎಂಎಸ್ ಕಟ್ ಮಾಡ್ತದೆ ಅಂತ ನಂಬಿ ಕೂತ್ಕೊಳ್ಳುವುದು ತಪ್ಪು, ಅದು ಕೊನೆಯ ತಡೆ ಮಾತ್ರ. 12.6 ವೋಲ್ಟ್, 2 ಆಂಪಿಯರಿನ ಲಿಥಿಯಂ ಚಾರ್ಜರೇ ಬೇಕು, ಮೊದಲು ಒಂದೇ ಕರೆಂಟ್ ಕೊಟ್ಟು 12.6 ಮುಟ್ಟಿದ ಮೇಲೆ ಕರೆಂಟ್ ಇಳಿಸ್ತಾ ಬರ್ತದೆ, ಒಟ್ಟು ಮೂರು ಗಂಟೆ ಚಿಲ್ಲರೆ. ಮೊದಲ ಚಾರ್ಜ್ ಸಿಮೆಂಟ್ ನೆಲದ ಮೇಲೆ, ಹತ್ತಿರವೇ ಕೂತು ಮಾಡಿ, ಬದಿಯಲ್ಲಿ ಒಂದು ಬಕೆಟ್ ಹೊಯಿಗೆ ಇರಲಿ. ಮುಟ್ಟಿ ಬಿಸಿ ಅನ್ನಿಸಿದ್ರೆ ನಿಲ್ಲಿಸಿ.

ಮಳೆಗಾಲ ಮುಗಿದ್ರೆ ಫುಲ್ ಇಟ್ಟು ಅಟ್ಟಕ್ಕೆ ಹಾಕಬೇಡಿ, 11.4 ವೋಲ್ಟಿನ ಹತ್ತಿರ ಇಳಿಸಿ ತಂಪು ಜಾಗದಲ್ಲಿ ಇಡಿ, ತಿಂಗಳಿಗೊಮ್ಮೆ ಮೂರೂ ಜೋಡಿಯ ವೋಲ್ಟೇಜ್ ಬೇರೆ ಬೇರೆ ನೋಡಿ.